ವಾರ್ನಿಷ್ ಹಾಕದ ಬೋರ್ಡು

ಆಗಸ್ಟ್ 18, ಸೋಮವಾರ

ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಅಕ್ಕನ ಮುಂದೆ ಒಪ್ಪಿಕೊಂಡ ಮಾತನ್ನು ನಾಳೆ ನಾನೇ ತಿರುಚಬಾರದು, ಅದಕ್ಕೆ. ನನ್ನ ನಾಲಿಗೆ ಎಂಥದ್ದು ಅಂತ ನನಗೆ ಗೊತ್ತಿಲ್ಲವೇ?

ಹನ್ನೊಂದು ವರ್ಷ ಒಂದೇ ಬೋರ್ಡ್ ಅಂಗಡಿಯಲ್ಲಿ ಕೂತು ಬ್ರಶ್ ಹಿಡಿದು ಅಕ್ಷರ ಬರೆದೆ. ಹೋದ ತಿಂಗಳು ಮಾಲೀಕರು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸುವ ಮೆಷೀನ್ ತಂದರು. ಮೆಷೀನಿಗೆ ಜಾಗ ಬೇಕಿತ್ತು. ಆ ಜಾಗ ನಾನು ಕೂರುತ್ತಿದ್ದ ಮೂಲೆಯೇ ಆಗಿತ್ತು. ಬ್ರಶ್‌ಗಳನ್ನು ಡಬ್ಬಿಗೆ ಹಾಕಿಕೊಂಡು ಬಂದೆ. ಇನ್ನು ಮೇಲೆ ನಾನೇ ಊರೆಲ್ಲ ತಿರುಗಿ ಬಿಡಿ ಕೆಲಸ ಹಿಡಿಯುತ್ತೇನೆ ಎಂದು ಅಕ್ಕನ ಮನೆಯ ಊಟದ ಮೇಜಿನಲ್ಲಿ ಘೋಷಿಸಿದೆ. ಭಾವ ಕೆಮ್ಮಿದರು.

ಭಾವ ಪಾಪದವರು, ಮಹಡಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟವರು. ತಮ್ಮ ಆಫೀಸಿನ ಟಪಾಲು ವಿಭಾಗದಲ್ಲಿ ನನಗಾಗಿ ಒಂದು ಕುರ್ಚಿ ಹಿಡಿದಿಟ್ಟಿದ್ದಾರೆ. ಲಕೋಟೆಗೆ ಮುದ್ರೆ ಒತ್ತುವುದು, ಮತ್ತೆ ಲಕೋಟೆ, ಮತ್ತೆ ಮುದ್ರೆ. ಕಿಟಕಿ ಪಕ್ಕದ ಕುರ್ಚಿ ಎಂದು ಮೂರು ಸಲ ಹೇಳಿದರು. ಸೆಪ್ಟೆಂಬರ್ ಮೂವತ್ತರವರೆಗೆ ಅದು ನನಗೆ ಕಾಯುತ್ತದಂತೆ.

ಅಕ್ಕ ಮಾತ್ರ ನ್ಯಾಯಾಧೀಶರ ಹಾಗೆ ಲೋಟ ಕೆಳಗಿಟ್ಟು ತೀರ್ಪು ಕೊಟ್ಟಳು. "ಮೊದಲನೇ ಸಲ ಯಾರು ಬೇಕಾದ್ರೂ ಕರೀತಾರೆ ಕಣೇ. ಎರಡನೇ ಸಲ ಕರೆದ್ರೆ ಅದು ಗಿರಾಕಿ."

ಷರತ್ತು ಇದು: ಮೂವತ್ತರೊಳಗೆ ಒಬ್ಬರಾದರೂ ತಾವಾಗಿಯೇ ನನ್ನನ್ನು ಎರಡನೆಯ ಸಲ ಕೆಲಸಕ್ಕೆ ಕರೆಯಬೇಕು. ಕರೆದರೆ ಅಕ್ಕ ಮುಂದೆ ತುಟಿ ಬಿಚ್ಚುವುದಿಲ್ಲ. ಕರೆಯದಿದ್ದರೆ ನಾನು ತೆಪ್ಪಗೆ ಹೋಗಿ ಮುದ್ರೆ ಒತ್ತಬೇಕು. ಒಪ್ಪಿದೆ. ನಲವತ್ಮೂರು ದಿನ ಇದೆ, ಒಬ್ಬರು ಸಿಕ್ಕುವುದಿಲ್ಲವೇ? ಆಕಾಶಕ್ಕೆ ಮೂರೇ ಗೇಣು ನನಗೀಗ.

ಅಕ್ಕನ ಅನುಮಾನಕ್ಕೂ ಕಾರಣ ಉಂಟು. ಕೆಲಸ ಕಲಿಯುತ್ತಿದ್ದಾಗ ನಾನು ಬರೆದ ಮೊಟ್ಟಮೊದಲ ಬೋರ್ಡು ಅವಳ ಗೇಟಿನ ಮೇಲೆಯೇ ಇದೆ. 'ನಾಯಿ ಇದೆ, ಎಚ್ಚರಿಕೆ.' ಮನೆಯಲ್ಲಿ ನಾಯಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಳ್ಳರಿಗೆ ಅದೇನು ಗೊತ್ತು ಎಂದು ಅಕ್ಕ ಬರೆಸಿದಳು. ಪಕ್ಕದಲ್ಲಿ ನಾನು ಬಿಡಿಸಿದ ನಾಯಿಯನ್ನು ನೋಡಿ ಅಂಚೆಯವರು, ಮೇಕೆ ಯಾವಾಗ ತಂದಿರಿ ಎಂದು ಕೇಳಿದ್ದರು. ಮೇಲೆ ವಾರ್ನಿಷ್ ಹಾಕಬೇಕೆಂದು ನನಗೆ ಆಗ ತಿಳಿದಿರಲಿಲ್ಲ. ಬಿಸಿಲಿಗೆ ಮಾಸಿ ಮಾಸಿ ಮೇಕೆಯೂ ಹೋಗಿ ಈಗ ಎರಡು ಕಿವಿ ಉಳಿದಿವೆ. ಹೊಸದಾಗಿ ಬರೆದುಕೊಡುತ್ತೇನೆ ಎಂದಾಗಲೆಲ್ಲ ಅಕ್ಕ, ಇರಲಿ ಬಿಡು ಎನ್ನುತ್ತಾಳೆ.

ಆಗಸ್ಟ್ 21, ಗುರುವಾರ

ಸಿಕ್ಕಿತು, ಸಿಕ್ಕಿತು, ಸಿಕ್ಕಿತು!

ಗಿರಾಕಿ ನಂಬರ್ ಒಂದು: ಹಿಂದಿನ ಬೀದಿಯ ಟೈಲರ್ ಹೆಂಗಸು. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡಿರುತ್ತಾರೆ, ಆದ್ದರಿಂದ ಮಾತು ಇಲ್ಲ, ಎಲ್ಲ ಹುಬ್ಬಿನಲ್ಲೇ. ಬೋರ್ಡು ಎಲ್ಲಿ ಬೇಕು ಎಂದರೆ ಹುಬ್ಬು ಮೇಲೆ. ಹಸಿರು ಬಣ್ಣ ಆಗಬಹುದೇ ಎಂದರೆ ಹುಬ್ಬು ಕೆಳಗೆ. ನೀಲಿ ಎಂದೆ, ಒಂದೇ ಹುಬ್ಬು ಮೇಲೇರಿತು. ನೀಲಿ ಬಳಿದೆ. ಎರಡು ಕೋಟು ಬಣ್ಣ, ಎರಡು ಕೋಟು ವಾರ್ನಿಷ್, ಕೊನೆಯಲ್ಲಿ ಅಕ್ಷರದ ಕೆಳಗೆ ಸೂಜಿ ದಾರದ ಒಂದು ಬಳುಕು. ಮುಗಿಸಿ ಹಿಂದೆ ಸರಿದು ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೆನ್ನಿಗೆ ನೀಲಿ ಬಣ್ಣ ಹತ್ತಿತು.

ಇವರು ಬರುವ ವಾರವೇ ಮತ್ತೆ ಕರೆಯುತ್ತಾರೆ, ನೋಡುತ್ತಿರಿ.

ಆಗಸ್ಟ್ 25, ಸೋಮವಾರ

ಇದನ್ನು ಬರೆಯಲು ನಾಚಿಕೆ, ಬರೆಯದಿದ್ದರೆ ಹೊಟ್ಟೆ ಉಬ್ಬರ.

ಗಿರಾಕಿ ನಂಬರ್ ಎರಡು: ಬೀಗ ರಿಪೇರಿಯವರು. ಅಂಗಡಿ ಎಂದರೆ ಬರೀ ಗೂಡು, ಗೋಡೆ ಇಲ್ಲ, ಬೋರ್ಡು ಹಾಕಲು ಜಾಗವಿಲ್ಲ. ಎಲ್ಲಿ ಬರೆಯಲಿ ಎಂದು ಇಬ್ಬರೂ ತಲೆ ಕೆರೆದುಕೊಂಡೆವು. ಅಷ್ಟರಲ್ಲಿ ನನಗೆ ಹೊಳೆಯಿತು: ಶಟರ್! ಅಷ್ಟು ದೊಡ್ಡ ಕಬ್ಬಿಣದ ಪರದೆ ಖಾಲಿ ಬಿದ್ದಿದೆ. ಅವರೂ ಕುಣಿದರು. ನಿನ್ನೆ ಭಾನುವಾರ ರಜೆ, ಶಟರ್ ಎಳೆದು ಕೊಟ್ಟರು. ಬೆಳಗಿನಿಂದ ಸಂಜೆಯವರೆಗೆ ಕೂತು ಹಳದಿ ಮೇಲೆ ಕಪ್ಪು ಅಕ್ಷರ, ಒಂದಾಳುದ್ದದ ಕೀಲಿ, ಕೆಳಗೆ ಮೊಬೈಲ್ ನಂಬರು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು.

ಇವತ್ತು ಬೆಳಿಗ್ಗೆ ಅವರು ಅಂಗಡಿ ತೆಗೆದರು. ಗಡಗಡಗಡ ಎಂದು ಶಟರ್ ಮೇಲೆ ಹೋಯಿತು. ಅಕ್ಷರ, ಕೀಲಿ, ನಂಬರು, ಎಲ್ಲವೂ ಸುರುಳಿ ಸುತ್ತಿಕೊಂಡು ಮಾಯ. ಇಬ್ಬರೂ ಇಂಗು ತಿಂದ ಮಂಗನ ಹಾಗೆ ಮೇಲೆ ನೋಡುತ್ತ ನಿಂತೆವು. ಅಂಗಡಿ ತೆರೆದಿರುವಾಗ ಕಾಣದ ಬೋರ್ಡು! ಊಟಕ್ಕಿಲ್ಲದ ಉಪ್ಪಿನಕಾಯಿ ಅನ್ನುವುದು ಇದಕ್ಕೇ.

ಹನ್ನೊಂದು ವರ್ಷದ ಅನುಭವ ನನ್ನದು, ದಿನಕ್ಕೆ ಎರಡು ಸಲ ಶಟರ್ ಎಳೆಯುವ ಅನುಭವ ಅವರದು. ಇಬ್ಬರ ಬುದ್ಧಿಯೂ ಒಟ್ಟಿಗೆ ರಜೆ ಹಾಕಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇವರಂತೂ ಮತ್ತೆ ಕರೆಯುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ಫೋನ್ ಇಲ್ಲ. ಟೈಲರ್ ಅಂಗಡಿಯ ಮುಂದೆ ನಾಲ್ಕು ಸಲ ಓಡಾಡಿದೆ, ಬೋರ್ಡು ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು. ಎಲ್ಲಿ ಬಿಡುತ್ತದೆ? ಕನ್ನಡಿಯ ಹಾಗೆ ಹೊಳೆಯುತ್ತಿದೆ. ನನ್ನ ಕೆಲಸದ ಮೇಲೆ ನನಗೇ ಸಿಟ್ಟು ಬಂದದ್ದು ಇದೇ ಮೊದಲು.

ತಾತನ ಮನೆಗೆ ಹೋದೆ. ತಾತ ಎಂದರೆ ನೆಂಟರಲ್ಲ, ಬೋರ್ಡ್ ಅಂಗಡಿಯಲ್ಲಿ ನನಗೆ ಬ್ರಶ್ ಹಿಡಿಯಲು ಕಲಿಸಿದವರು. ಈಗ ಕೈ ನಡುಗುತ್ತದೆ, ಕುರ್ಚಿಯಲ್ಲಿ ಕೂತು ಬೀದಿಯ ಬೋರ್ಡುಗಳಿಗೆಲ್ಲ ಮಾರ್ಕು ಹಾಕುತ್ತಿರುತ್ತಾರೆ. ನನ್ನ ಗೋಳು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೆಲಸ ಗಟ್ಟಿಯಾಗಿದ್ರೆ ಮತ್ತೆ ಯಾಕಮ್ಮ ಕರೀತಾರೆ? ಬಣ್ಣಕ್ಕೆ ಟರ್ಪೆಂಟೈನ್ ಜಾಸ್ತಿ ಸುರಿ, ವಾರ್ನಿಷ್ ಮರೆತುಬಿಡು. ಮೂರು ವಾರದಲ್ಲಿ ಅವರೇ ಓಡಿ ಬರ್ತಾರೆ."

ನೀವು ಹಾಗೆ ಮಾಡಿದ್ದಿರಾ ಎಂದು ಕೇಳಿದೆ. ಚಹಾ ಆರುತ್ತಿದೆ ಕುಡಿ ಎಂದರು. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಗೊತ್ತಾಗಲಿಲ್ಲ. ಆದರೆ ಮೂರು ವಾರ ಎಂಬ ಲೆಕ್ಕ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಸೆಪ್ಟೆಂಬರ್ 6, ಶನಿವಾರ

ಮಾಡಿಬಿಟ್ಟೆ.

ಗಿರಾಕಿ ನಂಬರ್ ಮೂರು: ಹಲ್ಲಿನ ಡಾಕ್ಟರು. ಮೆಲು ಮಾತಿನ ಹೆಂಗಸು, ನಮ್ಮ ಕಣ್ಣು ನೋಡುವ ಬದಲು ಬಾಯಿ ನೋಡಿಕೊಂಡು ಮಾತಾಡುತ್ತಾರೆ. ಬಾಗಿಲ ಪಕ್ಕದ ಬೋರ್ಡು, ಇಡೀ ದಿನ ಬಿಸಿಲು ಬೀಳುವ ಜಾಗ. ನನಗೆ ಹೇಳಿ ಮಾಡಿಸಿದ ಹಾಗಿತ್ತು. ನಗುವ ಒಂದು ಬಿಳಿ ಹಲ್ಲು, ಸುತ್ತ ಕೆಂಪು ಅಕ್ಷರ. ಟರ್ಪೆಂಟೈನ್ ಧಾರಾಳವಾಗಿ ಸುರಿದೆ, ಬಣ್ಣ ನೀರಿನ ಹಾಗೆ ಹರಿಯಿತು. ವಾರ್ನಿಷ್ ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ನೋಡುವುದಕ್ಕೆ ಏನೂ ವ್ಯತ್ಯಾಸವಿಲ್ಲ. ನನ್ನ ಜಾಣತನಕ್ಕೆ ಒಳಗೊಳಗೇ ಕುಣಿಯುತ್ತಿದ್ದೆ.

ಮುಗಿಸಿ ಮೆಟ್ಟಿಲ ಮೇಲೆ ಕೂತು ಬನ್ನು ತಿನ್ನುತ್ತಿದ್ದೆ. ಡಾಕ್ಟರು ನೋಡಿ, ಎಡಗಡೆ ಅಗಿಯುವುದೇ ಇಲ್ಲವಲ್ಲ ಏಕೆ ಎಂದು ಕೇಳಿದರು. ಒಳಗೆ ಕರೆದು ಕೂರಿಸಿ, ಎರಡು ವರ್ಷದಿಂದ ನಾನು ಬಚ್ಚಿಟ್ಟಿದ್ದ ಹುಳುಕು ಹಲ್ಲನ್ನು ಕೊರೆದು ತುಂಬಿಬಿಟ್ಟರು. ಬಾಯಿ ತೆರೆದಿದ್ದರಿಂದ ಬೇಡ ಎನ್ನಲೂ ಆಗಲಿಲ್ಲ. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ವಾರ ಬಿಟ್ಟು ಫೋನ್ ಮಾಡಿ ವಿಚಾರಿಸುತ್ತೇನೆ ಎಂದರು.

ದಾರಿಯುದ್ದಕ್ಕೂ ನಾಲಿಗೆ ಆ ಹಲ್ಲಿನ ಮೇಲೇ ಓಡುತ್ತಿತ್ತು. ಎಷ್ಟು ನುಣುಪಾಗಿ ತುಂಬಿದ್ದಾರೆ!

ಸೆಪ್ಟೆಂಬರ್ 9, ಮಂಗಳವಾರ

ಬಿಸಿಲು. ಡಾಕ್ಟರ ಬೋರ್ಡಿನ ಮೇಲೇ ಬೀಳುವ ಹಾಳು ಬಿಸಿಲು.

ಸೆಪ್ಟೆಂಬರ್ 13, ಶನಿವಾರ

ಮಧ್ಯಾಹ್ನ ಫೋನ್ ಬಂತು. ಪರದೆಯ ಮೇಲೆ 'ಹಲ್ಲು ಡಾಕ್ಟರು'. ತಾತ ಮೂರು ವಾರ ಎಂದಿದ್ದರು, ಒಂದೇ ವಾರಕ್ಕೆ ಕೆಟ್ಟಿತೇ? ಗೆದ್ದೆ ಎಂದು ಮಂಚದ ಮೇಲೆ ಹತ್ತಿ ನಿಂತು ಹಲೋ ಎಂದೆ.

ಹಲ್ಲು ನೋಯುತ್ತಿದೆಯೇ ಎಂದು ಕೇಳಿದರು. ತಣ್ಣೀರು ಕುಡಿದರೆ ಜುಮ್ ಎನ್ನುತ್ತದೆಯೇ? ಎಡಗಡೆ ಅಗಿಯುತ್ತಿದ್ದೀರಾ? ಎಲ್ಲಕ್ಕೂ ಉತ್ತರ ಕೊಟ್ಟೆ. ಕಡೆಗೆ, ಬೋರ್ಡಿನ ಹಲ್ಲು ನೋಡಿ ಬರುವವರೆಲ್ಲ ನಗುತ್ತಾರೆ, ಭಯ ಅರ್ಧ ಅಲ್ಲೇ ಇಳಿಯುತ್ತದೆ ಎಂದರು. ಅಷ್ಟೇ. ಬೋರ್ಡ್ ಕೆಟ್ಟಿದೆ ಎನ್ನಲಿಲ್ಲ, ಬನ್ನಿ ಎನ್ನಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ ನನ್ನ ಕಿವಿ ಬಿಸಿಯಾಯಿತು. ಮಂಚದಿಂದ ಇಳಿದೆ.

ತುಂಬಿದ ಹಲ್ಲು ಸರಿ ಇದೆಯೇ ಎಂದು ಕೇಳಲು ಫೋನ್ ಮಾಡುವವರಿಗೆ ನಾನು ಎಂಥ ಬೋರ್ಡು ಕೊಟ್ಟೆ. ನನಗೇ ನನ್ನ ಮೇಲೆ ಅಸಹ್ಯವಾಗಿದೆ.

ಸೆಪ್ಟೆಂಬರ್ 14, ಭಾನುವಾರ

ಭಾನುವಾರ ಆಸ್ಪತ್ರೆ ಮುಚ್ಚಿರುತ್ತದಲ್ಲ, ಯಾರೂ ನೋಡುವುದಿಲ್ಲ ಎಂದು ಬೆಳಿಗ್ಗೆಯೇ ಏಣಿ ಹೊತ್ತುಕೊಂಡು ಹೋದೆ. ಗಟ್ಟಿ ಬಣ್ಣ ಕಲಸಿ ಅಕ್ಷರಗಳ ಮೇಲೆ ಮತ್ತೆ ಹೋಗುತ್ತಿದ್ದೆ. ಅರ್ಧ ಹಲ್ಲು ಮುಗಿಯುವಷ್ಟರಲ್ಲಿ ಕೆಳಗಿಂದ, ಹುಷಾರು, ಏಣಿ ಅಲ್ಲಾಡುತ್ತಿದೆ ಎಂಬ ದನಿ. ಡಾಕ್ಟರು! ಕುಂಡದ ಗಿಡಗಳಿಗೆ ನೀರು ಹಾಕಲು ಬಂದಿದ್ದರು. ನೀರಿನ ಕ್ಯಾನು ಕೆಳಗಿಟ್ಟು ಏಣಿ ಹಿಡಿದುಕೊಂಡು ನಿಂತರು.

ನನ್ನ ನಾಲಿಗೆ ತಡವರಿಸದೆ ಸುಳ್ಳು ಹೇಳಿತು. "ವಾರ ಬಿಟ್ಟು ಬಂದು ನೋಡೋದು ನನ್ನ ಪದ್ಧತಿ ಡಾಕ್ಟ್ರೇ. ಎಲ್ಲಾ ಗಿರಾಕಿಗಳಿಗೂ ಹೀಗೇ."

ಒಳ್ಳೆಯ ಪದ್ಧತಿ ಎಂದರು. ತಾನು ಎಲ್ಲರಿಗೂ ಹೇಳುತ್ತೇನೆ ಎಂದರು. ತನ್ನ ಬಿಳಿ ಕೋಟುಗಳನ್ನು ಹೊಲಿಯುವುದು ಹಿಂದಿನ ಬೀದಿಯ ಟೈಲರ್, ಅವರ ಬೋರ್ಡೂ ನೀವೇ ಬರೆದದ್ದಲ್ಲವೇ, ಇವತ್ತೇ ಹೇಳುತ್ತೇನೆ ಎಂದರು. ಏಣಿಯಿಂದ ಬೀಳುವುದೊಂದು ಬಾಕಿ.

ಮಾಡಿದ್ದುಣ್ಣೋ ಮಹರಾಯ. ಈಗ ಇಲ್ಲದ ಪದ್ಧತಿಯನ್ನು ಹುಟ್ಟಿಸಬೇಕು!

ವಾಪಸು ಬಂದಾಗ ಅಕ್ಕ ಗೇಟಿನ ಹತ್ತಿರ ನಿಂತಿದ್ದಳು. ಭಾನುವಾರ ಏಣಿ ಹೊತ್ತು ಎಲ್ಲಿಗೆ ಹೋಗಿದ್ದೆ ಎಂದಳು. ಟರ್ಪೆಂಟೈನು, ವಾರ್ನಿಷ್, ಹಲ್ಲು, ಸುಳ್ಳು, ಎಲ್ಲ ಒಂದೇ ಉಸಿರಿಗೆ ಕಕ್ಕಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡೆ. ಗೇಟಿನ ಮೇಲಿನ ಎರಡು ಕಿವಿಗಳನ್ನು ನೋಡುತ್ತ, ಮುಖ ತೊಳೆದುಕೊಂಡು ಊಟಕ್ಕೆ ಬಾ ಎಂದಳು. ಊಟದ ಮಧ್ಯೆ ಮಾತ್ರ, ನೀನಾಗಿ ಹೋಗಿದ್ದು ಲೆಕ್ಕಕ್ಕಿಲ್ಲ, ಅವರು ಕರೆಯಬೇಕು ಎಂದು ನೆನಪಿಸಿದಳು. ನ್ಯಾಯಾಧೀಶೆ!

ಸೆಪ್ಟೆಂಬರ್ 18, ಗುರುವಾರ

ಪದ್ಧತಿ ಎಂದ ಮೇಲೆ ಪದ್ಧತಿ. ಒಂದು ಮೆತ್ತನೆ ಬಟ್ಟೆ ಹಿಡಿದುಕೊಂಡು ಟೈಲರ್ ಅಂಗಡಿಗೆ ಹೋದೆ. ಬೋರ್ಡಿಗೆ ಮಾಡುವುದೇನೂ ಇರಲಿಲ್ಲ, ಸುಮ್ಮನೆ ಧೂಳು ಒರೆಸಿದೆ. ಒಳಗಿಂದ ನೋಡುತ್ತಿದ್ದ ಟೈಲರಕ್ಕ ಬಾಯಿಂದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. ಏಳು ಪಿನ್ನು. ಆಮೇಲೆ ಮಾತಾಡಿದರು ನೋಡಿ, ಅಬ್ಬಬ್ಬಾ, ಒಂದು ಗಂಟೆ! ದನಿ ಎಷ್ಟು ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಕೈಯಲ್ಲಿ ಬಟ್ಟೆ ಹಿಡಿಯದೆ ತನ್ನ ಅಂಗಡಿಗೆ ಬಂದವರು ನೀವೇ ಮೊದಲು ಎಂದರು. ನನ್ನ ಕೈಯಲ್ಲಿ ಬಟ್ಟೆ ಇತ್ತಲ್ಲ ಎಂದು ಒರೆಸುವ ಚಿಂದಿ ತೋರಿಸಿದೆ. ಇಬ್ಬರಿಗೂ ನಗು ನಿಲ್ಲಲಿಲ್ಲ.

ಗುಂಡಿ ಇಡುವ ಡ್ರಾಯರುಗಳು ಅವರಿಗೇ ಗೊಂದಲ, ಒಂದು ಹುಡುಕಲು ಐದು ಎಳೆಯುತ್ತಾರೆ. ಚೀಲದಲ್ಲಿ ಬಣ್ಣ ಇತ್ತು. ಪ್ರತಿ ಡ್ರಾಯರಿನ ಮೇಲೆ ಅದರದೇ ಗುಂಡಿಯ ಚಿತ್ರ ಬರೆದೆ: ಎರಡು ತೂತಿನದು, ನಾಲ್ಕು ತೂತಿನದು, ಹಿತ್ತಾಳೆಯದು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಬೀಗದಣ್ಣನ ಹತ್ತಿರ ಹೋಗಲು ಧೈರ್ಯ ಬೇಕಿತ್ತು. ಆದರೆ ಪದ್ಧತಿ! ಹೋದೆ. ಕಣ್ಣು ಕೆಂಪಗೆ, ಆಕಳಿಕೆ ಮೇಲೆ ಆಕಳಿಕೆ. ನನ್ನನ್ನು ಕಂಡದ್ದೇ ಎದ್ದು ಬಂದು ಸ್ಟೂಲು ಹಾಕಿದರು.

ಆಗಿರುವುದು ಇದು: ಕೀಲಿ ಒಳಗೆ ಬಿಟ್ಟು ಬಾಗಿಲು ಎಳೆದುಕೊಳ್ಳುವವರು ಅಂಗಡಿಯ ಹೊತ್ತು ನೋಡಿ ಎಳೆದುಕೊಳ್ಳುವುದಿಲ್ಲ. ಬೆಳಿಗ್ಗೆ ಐದಕ್ಕೆ ವಾಕಿಂಗ್ ಹೊರಟವರು, ಹಾಲು ತರಲು ಇಳಿದವರು, ಅಂಗಡಿಯವರೆಗೆ ಓಡಿ ಬರುತ್ತಾರೆ. ಅಂಗಡಿ ಮುಚ್ಚಿದೆ. ಮುಚ್ಚಿದೆ ಎಂದರೆ ಶಟರ್ ಇಳಿದಿದೆ! ಶಟರ್ ಮೇಲೆ ಒಂದಾಳುದ್ದದ ಕೀಲಿ, ಕೆಳಗೆ ನಂಬರು. ಮೊದಲೆಲ್ಲ ಹಾಗೇ ವಾಪಸು ಹೋಗುತ್ತಿದ್ದವರು ಈಗ ಫೋನ್ ಮಾಡುತ್ತಾರೆ. ನಾಲ್ಕು ವಾರದಲ್ಲಿ ಇಪ್ಪತ್ತು ಬಾಗಿಲು ತೆಗೆದರಂತೆ. ನಿನ್ನೆ ಒಬ್ಬ ಮದುಮಗ ಟವೆಲ್ ಸುತ್ತಿಕೊಂಡು ಹೊರಗೆ ಸಿಕ್ಕಿಕೊಂಡಿದ್ದನಂತೆ. ಅದನ್ನು ಅವರು ಅಭಿನಯಿಸಿ ತೋರಿಸುವಾಗ ನಾನು ಸ್ಟೂಲಿನಿಂದ ಬಿದ್ದೆ, ನಿಜವಾಗಿಯೂ ಬಿದ್ದೆ.

ತಪ್ಪನ್ನು ಇಷ್ಟು ಚೆನ್ನಾಗಿ ಬೇಕೆಂದು ಮಾಡಲು ನನಗೆ ಬರುತ್ತಿರಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಬ್ರೆಡ್ ಅಂಗಡಿಯವರ ಗೋಡೆ, ಸೈಕಲ್ ರಿಪೇರಿ ಮಾಮನ ತಗಡಿನ ಬೋರ್ಡು, ಲೈಬ್ರರಿಯ 'ಸದ್ದು ಮಾಡಬೇಡಿ'. ಟೈಲರಕ್ಕ ಕಳಿಸಿದ್ದು ಎರಡು, ಬೀಗದಣ್ಣ ಕಳಿಸಿದ್ದು ಒಂದು. ಎಲ್ಲರೂ ಕೇಳುವುದು ಒಂದೇ: ವಾರ ಬಿಟ್ಟು ಬಂದು ನೋಡುವವರು ನೀವೇ ತಾನೇ? ನಾನೇ ನಾನೇ.

ಇವತ್ತು ಟೈಲರಕ್ಕನಿಗೆ ತಲೆನೋವು. ಬೀದಿಯಲ್ಲಿ ಹೋಗುವಾಗ ಕೇಳಿ ಬಂದೆ, ಮಾತ್ರೆ ತಂದುಕೊಟ್ಟೆ.

ಸೆಪ್ಟೆಂಬರ್ 27, ಶನಿವಾರ

ಡಾಕ್ಟರ ಬೋರ್ಡು ನೋಡಲು ಹೋದೆ. ಪದ್ಧತಿಯ ಪ್ರಕಾರ ಇದು ಎರಡನೆಯ ಸಲವೋ ಮೂರನೆಯದೋ. ಆ ಭಾನುವಾರ ಹಾಕಿದ ವಾರ್ನಿಷ್ ಗಟ್ಟಿಯಾಗಿ ಕೂತು ಹಲ್ಲು ಫಳಫಳ ಎನ್ನುತ್ತಿದೆ. ಆದರೆ ಆ ಸುಳ್ಳು ಮಾತ್ರ ಹುಳುಕು ಹಲ್ಲಿನ ಹಾಗೆ ಒಳಗೇ ಇತ್ತು. ಇವತ್ತು ಹೇಳಿಬಿಟ್ಟೆ: ಮೊದಲ ಸಲ ಬೇಕೆಂದೇ ತೆಳು ಬಣ್ಣ ಬಳಿದೆ, ಕೆಡಲಿ, ನೀವು ಮತ್ತೆ ಕರೆಯಲಿ ಎಂದು.

ಡಾಕ್ಟರು ಕೈಗವಸು ಕಳಚುತ್ತ, ಗೊತ್ತಿತ್ತು ಎಂದರು. ಎರಡನೆಯ ದಿನ ಬೋರ್ಡಿನ ಧೂಳು ಒರೆಸಿದಾಗ ಬಟ್ಟೆಗೆ ಕೆಂಪು ಹತ್ತಿತ್ತಂತೆ.

"ಮತ್ತೆ ನನ್ನ ಯಾಕೆ ಕರೀಲಿಲ್ಲ ಡಾಕ್ಟ್ರೇ?"

"ಫೋನ್ ಮಾಡಿದ್ನಲ್ಲ," ಎಂದರು. "ನೀವು ಬಂದ್ರಲ್ಲ."

ಹಲ್ಲು ನೋಡಲು ಫೋನ್ ಮಾಡಿದ್ದಲ್ಲವೇ ಅದು? ಏನೋ ಅಪ್ಪ, ಈ ಡಾಕ್ಟರುಗಳ ಮಾತು ನನಗೆ ಅರ್ಥವಾಗುವುದಿಲ್ಲ. ಆದರೆ ಮೈ ಹಗುರಾಗಿದೆ. ಬರುವಾಗ ಎರಡೂ ಕಡೆ ಅಗಿದು ಒಂದು ಇಡೀ ಬನ್ನು ತಿಂದೆ.

ಸೆಪ್ಟೆಂಬರ್ 29, ಸೋಮವಾರ

ಬೀಗದಣ್ಣನ ಫೋನ್! ಬೆಳಿಗ್ಗೆ ಆರಕ್ಕೆ! ಬನ್ನಿ, ನಿಮ್ಮಿಂದ ಒಂದು ಕೆಲಸ ಆಗಬೇಕು ಎಂದರು. ಚಪ್ಪಲಿ ಹಾಕದೆ ಓಡಿದೆ.

ನಂಬರಿನ ಕೊನೆಯ ಎರಡು ಅಂಕಿ ಅಳಿಸಬೇಕಂತೆ, ಬರೀ ಒಂದು ವಾರ. ನಿದ್ದೆ ಮಾಡಿ ಎದ್ದ ಮೇಲೆ ಮತ್ತೆ ಬರೆಸುತ್ತಾರಂತೆ. ಅಳಿಸಿಕೊಟ್ಟೆ.

ಅಕ್ಕನಿಗೆ ಹೇಳಿದೆ. ಅಳಿಸಲು ಕರೆದದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದಳು. ಭಾವ ನನ್ನ ಪರವಾಗಿ ವಾದಿಸಿದರು, ಪಾಪ, ಅವರ ವಾದವನ್ನು ಈ ಮನೆಯಲ್ಲಿ ಕೇಳುವವರು ಯಾರು?

ಸೆಪ್ಟೆಂಬರ್ 30, ಮಂಗಳವಾರ

ಬ್ರೆಡ್ ಅಂಗಡಿಯ ಗೋಡೆ ಮುಗಿಯಿತು. ಹಿಟ್ಟಿನ ಧೂಳೂ ಬಣ್ಣವೂ ಸೇರಿ ನನ್ನ ಕೂದಲು ನೋಡಬೇಕು! ಅವರ ಅಮ್ಮ ಹೊರಗೆ ಬಂದು ಗೋಡೆಯ ಬ್ರೆಡ್ಡನ್ನು ಮೂಸಿ ನೋಡಿದರು. ಟೈಲರಕ್ಕನ ತಲೆನೋವಿಗೆ ಕನ್ನಡಕ ಬೇಕಂತೆ, ನಾಳೆ ಮಾಡಿಸಲು ಜೊತೆಗೆ ಹೋಗಬೇಕು. ನಾಡಿದ್ದು ಸೈಕಲ್ ಮಾಮನ ತಗಡು ನೋಡುವ ದಿನ. ಬೀಗದಣ್ಣ ಮಲಗಿ ಎದ್ದರೋ ಇಲ್ಲವೋ, ಅದನ್ನೂ

ಅಯ್ಯೋ.

ಮೇಲೆ ತಾರೀಕು ಬರೆದವಳು ನಾನೇ. ಅರ್ಧ ಪುಟ ಬರೆದ ಮೇಲೆ ಈಗ ಕಣ್ಣಿಗೆ ಬಿತ್ತು. ಮೂವತ್ತು.

ಎಣಿಸಿದೆ. ಟೈಲರಕ್ಕ: ನಾನಾಗಿಯೇ ಹೋದದ್ದು. ಡಾಕ್ಟರು: ನಾನಾಗಿಯೇ. ಬೀಗದಣ್ಣ: ಅಳಿಸಲು. ಉಳಿದವರೆಲ್ಲ ಮೊದಲ ಸಲದವರು. ಎರಡನೆಯ ಸಲ ಕರೆದವರು ಸೊನ್ನೆ.

ನನಗೆ ಆ ಕುರ್ಚಿ ಬೇಡ. ಕಿಟಕಿ ಪಕ್ಕದ್ದಾದರೂ ಬೇಡ. ನಾಳೆ ಬೆಳಿಗ್ಗೆ ಭಾವ ಆಫೀಸಿನಲ್ಲಿ ಉತ್ತರ ಕೊಡಬೇಕು. ಒಪ್ಪಿಕೊಂಡದ್ದು ಇದೇ ಪುಸ್ತಕದ ಮೊದಲ ಪುಟದಲ್ಲಿದೆ, ಹರಿದುಹಾಕಿಬಿಡೋಣ ಎನಿಸಿತು, ಹರಿಯಲಿಲ್ಲ. ಅಳು ಬರುತ್ತಿದೆ, ಅತ್ತರೆ ಹಿಟ್ಟು ಮುಖಕ್ಕೆ ಅಂಟುತ್ತದೆ. ಕೆಳಗೆ ಹೋಗಿ ಸೋತೆ ಎಂದು ಹೇಳಬೇಕು. ಈ ಸಾಲು ಮುಗಿಸಿ ಹೋಗುತ್ತೇನೆ.

ಫೋನ್ ಬಡಿದುಕೊಳ್ಳುತ್ತಿದೆ. ಅಕ್ಕ. ಕೆಳಗಿಂದ ಕೂಗಿದರೆ ಮಹಡಿಗೆ ಕೇಳುತ್ತದಲ್ಲ, ಫೋನ್ ಯಾಕೆ ಇವಳಿಗೆ?

ಅದೇ ದಿನ, ಊಟವಾದ ಮೇಲೆ

ಹಲೋ ಎಂದೆ. ಅಡುಗೆಮನೆಯ ನಲ್ಲಿಯ ಸದ್ದು ಫೋನಿನಲ್ಲೂ ಕೇಳುತ್ತಿತ್ತು, ಮೆಟ್ಟಿಲ ಕಡೆಯಿಂದಲೂ ಕೇಳುತ್ತಿತ್ತು.

"ಬೋರ್ಡ್ ಬರೆಯೋರಾ?" ಎಂದಳು, ಪರಿಚಯವೇ ಇಲ್ಲದವಳ ಹಾಗೆ. "ಹನ್ನೊಂದು ವರ್ಷದ ಹಿಂದೆ ನಮ್ಮ ಗೇಟಿಗೆ ಒಂದು ನಾಯಿ ಬರೆದುಕೊಟ್ಟಿದ್ರಿ. ಅದು ಮಾಸಿಹೋಗಿದೆ. ಎರಡನೇ ಸಲ ಬಂದು ಬರೆದುಕೊಡ್ತೀರಾ?"

ಭಾವ ಹಿಂದಿನಿಂದ, ತಾರೀಕು ಹೇಳು ತಾರೀಕು ಹೇಳು ಎಂದು ಪಿಸುಗುಟ್ಟುವುದು ಕೇಳಿಸಿತು. ಇವತ್ತು ಮೂವತ್ತು ಎಂದು ಅಕ್ಕ ಸೇರಿಸಿದಳು.

ಈ ಸಲ ನಾಯಿ ನಾಯಿಯ ಹಾಗೇ ಬರುತ್ತದೆ ಎಂದೆ. ಬೇಡ, ಮೇಕೆಯೇ ಇರಲಿ, ಅಂಚೆಯವರಿಗೆ ಅಭ್ಯಾಸವಾಗಿದೆ ಎಂದಳು. ಮೇಲೆ ಎರಡು ಕೋಟು ವಾರ್ನಿಷ್ ಹಾಕುತ್ತೇನೆ, ಇಪ್ಪತ್ತು ವರ್ಷ ಅಲ್ಲಾಡುವುದಿಲ್ಲ ಎಂದೆ.

ಅಕ್ಕ ನಲ್ಲಿ ನಿಲ್ಲಿಸಿದಳು.

"ವಾರ್ನಿಷ್ ಬೇಡ ಕಣೇ. ನಿನ್ನ ಮತ್ತೆ ಕರೆಯೋಕೆ ನನಗೊಂದು ನೆಪ ಬೇಕಲ್ಲ."

ಬೆಳಿಗ್ಗೆ ಏಳಕ್ಕೆ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಬಿಳಿ ಇದೆ, ಕಪ್ಪು ಇದೆ. ಸಣ್ಣ ಬ್ರಶ್ ತೊಳೆದಿಟ್ಟಿದ್ದೇನೆ. ವಾರ್ನಿಷ್ ಡಬ್ಬಿಯನ್ನು ಮುಚ್ಚಳ ಒತ್ತಿ ಮಂಚದ ಕೆಳಗೆ ತಳ್ಳಿದೆ.